ಮೂರರಿಂದ ಶುರುವಾಗುವ ಟೇಪು

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎಂದು ಗಾದೆಯಿದೆ. ಆದರೆ ಬಾಯಿದ್ದವನು ನಲವತ್ತೇಳನೆಯ ವಯಸ್ಸಿನಲ್ಲಿ ಬೆಳಗಿನ ಐದು ಗಂಟೆಗೆ ಎದ್ದು ಮೈದಾನ ಸುತ್ತಬೇಕಾಗಿ ಬರಬಹುದು ಎಂದು ಯಾವ ಗಾದೆಯೂ ಎಚ್ಚರಿಸಿಲ್ಲ. ಎಚ್ಚರಿಸಿದ್ದರೆ ಕರ್ನಲ್ ಟೈಲರ್ ತನ್ನ ಬಾಯಿಗೂ ಎರಡು ಹೊಲಿಗೆ ಹಾಕಿಕೊಳ್ಳುತ್ತಿದ್ದನೋ ಏನೋ.

ಅವನು ಕರ್ನಲ್ ಅಲ್ಲ, ಬರೀ ಟೈಲರ್. ಕ್ಷೌರದಂಗಡಿಗೂ ಮೂಲೆಯ ಔಷಧಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಹತ್ತಡಿ ಉದ್ದದ ಅಂಗಡಿ, ಎರಡು ಹೊಲಿಗೆಯಂತ್ರ, ಒಂದು ನಿಲುವುಗನ್ನಡಿ, ಒಬ್ಬಳು ಹೆಂಡತಿ, ಇಷ್ಟೇ ಅವನ ಸೈನ್ಯ. ಕರ್ನಲ್ ಎಂಬ ಬಿರುದು ಬೀದಿಯವರು ಕೊಟ್ಟದ್ದು. ಯಾರಾದರೂ ಪ್ಯಾಂಟಿನ ಅಳತೆಗೆ ಬಂದು ನಿಂತರೆ ಸಾಕು, ಅವನು ಸೊಂಟಕ್ಕೆ ಟೇಪು ಸುತ್ತುತ್ತಾ, ತನ್ನ ಕಾಲದಲ್ಲಿ ಸೈನ್ಯದ ಆಯ್ಕೆಗೆ ಹೋಗಿದ್ದು, ಓಟದಲ್ಲಿ ಮೊದಲಿಗನಾಗಿದ್ದು, ಕೊನೆಗೆ ಎದೆಯ ಅಳತೆಯಲ್ಲಿ ಒಂದೇ ಒಂದು ಬೆರಳು ಕಡಿಮೆಯಾಗಿ ವಾಪಸ್ಸು ಬಂದದ್ದು, ಸಾಹೇಬರೇ ಕಣ್ಣೀರು ಹಾಕಿದ್ದು, ಎಲ್ಲವನ್ನೂ ಹೇಳುತ್ತಿದ್ದ. ಅಳತೆ ಕೊಡಲು ನಿಂತವನು ಎಲ್ಲಿಗೆ ತಾನೆ ಓಡಿಹೋದಾನು? ಊರಿನ ಮುಕ್ಕಾಲು ಪಾಲು ಗಂಡಸರು ಹೀಗೆ ಕೈಯೆತ್ತಿಕೊಂಡೇ ಈ ಕಥೆ ಕೇಳಿದವರು.

ನಿಜ ಸಂಗತಿ ಬೇರೆ. ಕರ್ನಲ್ ಆ ಆಯ್ಕೆಗೆ ಹೋಗಿದ್ದು ಹೌದು, ಆದರೆ ಬೇಲಿಯ ಹೊರಗೆ. ತನಗೆ ಹೊಲಿಗೆ ಕಲಿಸಿದ ಯಜಮಾನನ ಜೊತೆ ಒಂದು ಮರದಡಿ ಕೂತು, ಬಂದ ಹುಡುಗರ ಬನಿಯನ್ನಿಗೆ ಬಟ್ಟೆಯ ನಂಬರು ಹೊಲಿದು ಕೊಟ್ಟಿದ್ದ. ಒಳಗೆ ನಡೆದದ್ದನ್ನು ಬೇಲಿಯ ಸಂದಿಯಿಂದ ಕಂಡಷ್ಟು ಕಂಡಿದ್ದ. ಕಾಣದ್ದನ್ನು ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ತಾನೇ ಸೇರಿಸಿ ಹೊಲಿದಿದ್ದ.

ಹೀಗಿರುವಾಗ ಒಂದು ದಿನ ಅವನ ಅಕ್ಕ ತನ್ನ ಮಗನನ್ನು ಕೈಹಿಡಿದು ಎಳೆದುಕೊಂಡು ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿದಳು. ಹುಡುಗ ಉದ್ದಕ್ಕೆ ಬೆಳೆದಿದ್ದ, ಅಗಲಕ್ಕೆ ಬೆಳೆಯುವುದನ್ನು ಮರೆತಿದ್ದ. ಮನೆಮಂದಿಯೆಲ್ಲ ಅವನನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ಸೈನ್ಯ ಸೇರುವುದೊಂದೇ ಅವನ ಆಸೆ. ಮೊದಲ ಸಲ ಓಟದಲ್ಲಿ ಆರು ಸೆಕೆಂಡು ತಡವಾಗಿ ಹೊರಬಿದ್ದಿದ್ದ. ಎರಡನೆಯ ಸಲ ಓಟ ಗೆದ್ದು ಎದೆಯಲ್ಲಿ ಸೋತಿದ್ದ. ಉಸಿರೆಳೆದು ಉಬ್ಬಿಸಿದಾಗ ಎದೆ ಎಂಬತ್ತೆರಡು ಸೆಂಟಿಮೀಟರ್ ಬರಬೇಕು, ಅವನದು ಎಂಬತ್ತಕ್ಕೇ ನಿಂತಿತ್ತು. ಮುಂದಿನ ಆಯ್ಕೆ ಮೂರು ತಿಂಗಳಿಗಿದೆ, ಅದಾದ ಮೇಲೆ ವಯಸ್ಸು ಮೀರುತ್ತದೆ. ಅಂದರೆ ಇದೇ ಕೊನೆಯ ಅವಕಾಶ.

"ನೀನು ಎಲ್ಲಾ ಬಲ್ಲವನು ತಾನೇ," ಎಂದಳು ಅಕ್ಕ. "ಇವನನ್ನ ತಯಾರು ಮಾಡು. ಆದ್ರೆ ಸೈನ್ಯಕ್ಕೆ ಹೋಗ್ಲಿ, ಆಗದಿದ್ರೆ ನಿನ್ನ ಅಂಗಡೀಲೇ ಗುಂಡಿ, ಕಾಜ ಹೊಲೀಲಿ. ಮೂರನೇ ದಾರಿ ನನಗೆ ಕಾಣಲ್ಲ."

ಕಡ್ಡಿ ಮೂಲೆಯಲ್ಲಿದ್ದ ಎರಡನೆಯ ಹೊಲಿಗೆಯಂತ್ರವನ್ನು ನೋಡಿದ. ಜೈಲಿನ ಬಾಗಿಲು ನೋಡುವವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ಕರ್ನಲ್‌ಗೆ ಅಳಿಯನ ಮೇಲೆ ಪ್ರಾಣ. ಆಗಲೇ ನಿಜ ಹೇಳಿಬಿಡಬಹುದಿತ್ತು, ಆದರೆ ಪಕ್ಕದ ಗೋಡೆಯ ಆಚೆ ಕ್ಷೌರಿಕನ ಕತ್ತರಿಯ ಸದ್ದು ನಿಂತಿತ್ತು. ಅದು ನಿಂತಿತೆಂದರೆ ಅವನು ಕಿವಿಗೊಟ್ಟಿದ್ದಾನೆ ಎಂದೇ ಅರ್ಥ. ಕರ್ನಲ್ ಗಂಟಲು ಸರಿಮಾಡಿಕೊಂಡು, ನಾಳೆಯಿಂದಲೇ ತರಬೇತಿ ಎಂದುಬಿಟ್ಟ. ಅಷ್ಟಕ್ಕೆ ಬಿಡದೆ, ಮೊದಲು ಎದೆಯ ಅಳತೆ ಬರೆದಿಡಬೇಕು ಎಂದು ಟೇಪು ತೆಗೆದ.

ಈ ಟೇಪಿನ ವಿಷಯ ಸ್ವಲ್ಪ ಹೇಳಲೇಬೇಕು. ಹದಿನೈದು ವರ್ಷಗಳ ಹಿಂದೆ ಅದರ ತುದಿ ಹೊಲಿಗೆಯಂತ್ರದ ಚಕ್ರಕ್ಕೆ ಸಿಕ್ಕಿ ಚಿಂದಿಯಾಗಿತ್ತು. ಕರ್ನಲ್ ಚಿಂದಿಯಾದಷ್ಟನ್ನು ಕತ್ತರಿಸಿ ಎಸೆದು, ತುದಿಗೆ ಅಚ್ಚುಕಟ್ಟಾಗಿ ಪಟ್ಟಿ ಹೊಲಿದಿದ್ದ. ಅಂದಿನಿಂದ ಟೇಪು ಮೂರು ಸೆಂಟಿಮೀಟರಿನಿಂದ ಶುರುವಾಗುತ್ತಿತ್ತು. ಏನನ್ನು ಅಳೆದರೂ ಮೂರು ಹೆಚ್ಚೇ ತೋರಿಸುತ್ತಿತ್ತು. ಕರ್ನಲ್‌ನ ಕೈಬರಹ ಅವನಿಗೇ ಓದಲು ಬಾರದ್ದರಿಂದ, ಅವನು ಅಳೆದು ಕೂಗುವುದು, ಹೆಂಡತಿ ಅಳತೆ ಪುಸ್ತಕದಲ್ಲಿ ಬರೆಯುವುದು, ಇದು ಅಂಗಡಿಯ ಪದ್ಧತಿ. ತುದಿ ಕತ್ತರಿಸಿದ ದಿನವೇ ಅವನು ಹೆಂಡತಿಗೆ ಹೇಳಿದ್ದ, ನಾನು ಕೂಗಿದ್ದರಲ್ಲಿ ಮೂರು ಕಳೆದು ಬರಿ ಎಂದು. ಅವಳು ಹಾಗೆಯೇ ಮಾಡುತ್ತಾ ಬಂದಳು. ಅವನು ಮರುವಾರವೇ ಮರೆತ. ಗಂಡ ಹೇಳಿದ್ದರಲ್ಲಿ ಸ್ವಲ್ಪ ಕಳೆದು ತೆಗೆದುಕೊಳ್ಳುವುದು ಹೇಗೂ ಆ ಟೇಪಿಗಿಂತ ಹಳೆಯ ಅಭ್ಯಾಸವಾದ್ದರಿಂದ ಅವಳಿಗೆ ಇದು ಭಾರವೆನಿಸಲಿಲ್ಲ.

ಕಡ್ಡಿ ಉಸಿರೆಳೆದು ನಿಂತ. ಕರ್ನಲ್ ಎಂದಿನಂತೆ ಸಂಖ್ಯೆ ಕೂಗಿ, ಕೂಗಿದ ಕ್ಷಣವೇ ಅದನ್ನು ಮರೆತ. ಹೆಂಡತಿ ಮೂರು ಕಳೆದು ಎಂಬತ್ತು ಎಂದು ಬರೆದಳು. ಎಲ್ಲರೂ ಪುಸ್ತಕ ನೋಡಿ ನಿಟ್ಟುಸಿರುಬಿಟ್ಟರು.

ಮರುದಿನ ಕರ್ನಲ್ ಓಟದ ದಾರಿ ಗುರುತು ಮಾಡಲು ಹೊರಟ. ಊರ ಹೊರಗೆ, ಮರದ ಡಿಪೋದ ಹಿಂದೆ ಒಂದು ಬಯಲಿತ್ತು. ಒಟ್ಟು ಓಡಬೇಕಾದದ್ದು ಸಾವಿರದ ಆರುನೂರು ಮೀಟರು, ಅಂದರೆ ನಾನೂರರ ನಾಲ್ಕು ಸುತ್ತು. ಬೇರೆ ಯಾರಾದರೂ ಆಗಿದ್ದರೆ ಹೆಜ್ಜೆ ಹಾಕಿ ಎಣಿಸುತ್ತಿದ್ದರು, ಇಲ್ಲವೇ ಹಗ್ಗ ತರುತ್ತಿದ್ದರು. ಟೈಲರ್ ಟೈಲರೇ. ಕುತ್ತಿಗೆಯಲ್ಲಿದ್ದ ಒಂದೂವರೆ ಮೀಟರಿನ ಟೇಪು ತೆಗೆದು, ನೆಲದ ಮೇಲೆ ಮಂಡಿಯೂರಿ, ತುದಿಗೆ ಬಟ್ಟೆ ಗುರುತಿಸುವ ಚಾಕ್‌ಪೀಸಿನಿಂದ ಗೆರೆ ಎಳೆದು, ಮತ್ತೆ ಮುಂದಕ್ಕೆ ತೆವಳಿ, ಮತ್ತೆ ಟೇಪು ಹಾಸಿ, ಇನ್ನೂರ ಅರವತ್ತೇಳು ಸಲ ಅಳೆದ. ಎರಡು ಸಲ ಎಣಿಕೆ ತಪ್ಪಿ ಮೊದಲಿನಿಂದ ಶುರುಮಾಡಿದ. ಕೊನೆಗೆ ಸುತ್ತಿನುದ್ದಕ್ಕೂ ಅಂಗಡಿಯ ತುಂಡುಬಟ್ಟೆಯ ಬಾವುಟಗಳನ್ನು ನೆಟ್ಟ. ಒಂದೊಂದು ಟೇಪಿಗೂ ಮೂರು ಮೂರು ಸೆಂಟಿಮೀಟರು ನುಂಗಿಹೋಗಿ ಸುತ್ತಿಗೆ ಎಂಟು ಮೀಟರು, ನಾಲ್ಕು ಸುತ್ತಿಗೆ ಮೂವತ್ತೆರಡು ಮೀಟರು ಮಾಯವಾದದ್ದು ಅವನಿಗೆ ಹೇಗೆ ಗೊತ್ತಾಗಬೇಕು?

ಒಬ್ಬ ಮನುಷ್ಯ ಹಗಲಿಡೀ ನೆಲಕ್ಕೆ ಮೂಗು ತಾಗಿಸಿಕೊಂಡು ಬಯಲನ್ನು ಅಳೆಯುತ್ತಿದ್ದರೆ ಊರು ಸುಮ್ಮನಿರುವುದಿಲ್ಲ. ರಸ್ತೆ ಬರುತ್ತದಂತೆ ಎಂದು ಒಬ್ಬ, ರಸ್ತೆಯಲ್ಲ ರೈಲು ಎಂದು ಇನ್ನೊಬ್ಬ. ಮರದ ಡಿಪೋದ ಮಾಲೀಕ, ತನ್ನ ಷೆಡ್ಡು ಬಯಲಿನೊಳಕ್ಕೆ ನಾಲ್ಕಡಿ ಬಂದಿರುವುದನ್ನು ತಾನಾಗಿಯೇ ನೆನಪಿಸಿಕೊಂಡು, ಓಡಿಬಂದು, ನೆಲಕ್ಕೆ ಬಗ್ಗಿದವನ ಮುಖ ನೋಡದೆಯೇ ಕೈಮುಗಿದು, ಅದು ತಾತನ ಕಾಲದ ತಪ್ಪು ಎಂದು ಒಪ್ಪಿಕೊಂಡ. ಕರ್ನಲ್ ಬಾಯಲ್ಲಿ ಚಾಕ್‌ಪೀಸು ಕಚ್ಚಿಕೊಂಡಿದ್ದರಿಂದ ಏನೂ ಹೇಳಲಿಲ್ಲ. ಮಾತಾಡದ ಅಧಿಕಾರಿ ಬಹಳ ಕಟ್ಟುನಿಟ್ಟಿನವನೇ ಇರಬೇಕು ಎಂದುಕೊಂಡು ಮಾಲೀಕ ಸಂಜೆಯೊಳಗೆ ಷೆಡ್ಡನ್ನು ನಾಲ್ಕಡಿ ಹಿಂದಕ್ಕೆ ಹಾಕಿಸಿದ. ಊರ ಕಚೇರಿಯ ಗುಮಾಸ್ತ ಬಂದು ಯಾರ ಆದೇಶದ ಮೇಲೆ ಅಳೆಯುತ್ತಿದ್ದೀರಿ ಎಂದು ಕೇಳಿದ. ಅಕ್ಕನ ಆದೇಶ ಎಂದ ಕರ್ನಲ್. ಗುಮಾಸ್ತ ಅದನ್ನು ಬರೆದುಕೊಂಡು, ಯಾವ ವಿಭಾಗದ ಅಕ್ಕ ಎಂದು ಯೋಚಿಸುತ್ತಾ ಹಿಂದಿರುಗಿದ.

ಮೂರನೆಯ ದಿನ ಬೆಳಿಗ್ಗೆ ತರಬೇತಿ ಶುರುವಾಯಿತು. ಕರ್ನಲ್‌ಗೆ ಗೊತ್ತಿದ್ದದ್ದು ಹೊಲಿಗೆಯೊಂದೇ, ಆದ್ದರಿಂದ ತರಬೇತಿಯನ್ನೂ ಅದರಿಂದಲೇ ಕತ್ತರಿಸಿ ತೆಗೆದ. ಓಡುವಾಗ ತಲೆ ತಗ್ಗಬಾರದೆಂದು ಕಡ್ಡಿಯ ಕಾಲರಿಗೆ ಗುಂಡುಸೂಜಿ ಚುಚ್ಚಿದ. ತಲೆ ತಗ್ಗಿಸಿದರೆ ಗಲ್ಲಕ್ಕೆ ಚುಚ್ಚಬೇಕು, ಹಾಗೆ. ಹೆಗಲಿಗೆ ಕೋಟಿನ ಬಟ್ಟೆಯ ಥಾನು ಹೊರಿಸಿದ. ಓಟ ಮುಗಿದ ಕೂಡಲೇ ಸೂಜಿಗೆ ದಾರ ಪೋಣಿಸಬೇಕೆಂದ. ಕೈ ನಡುಗಿದರೆ ಇನ್ನೊಂದು ಸುತ್ತು. ಉಸಿರಾಟಕ್ಕೆ ಹೊಲಿಗೆಯಂತ್ರದ ಲೆಕ್ಕ: ಪೆಡಲು ಕೆಳಗೆ ಎಂದಾಗ ಎಳೆದುಕೊಳ್ಳುವುದು, ಮೇಲೆ ಎಂದಾಗ ಬಿಡುವುದು. ಕಡ್ಡಿ ಒಂದು ಮಾತೂ ಎದುರಾಡದೆ ಎಲ್ಲವನ್ನೂ ಮಾಡಿದ. ಎಲ್ಲ ಮುಗಿದ ಮೇಲೆ ಕರ್ನಲ್ ಅವನ ಎದೆಗೆ ಟೇಪು ಸುತ್ತಿದ.

ಎಂಬತ್ತಮೂರು.

ಕರ್ನಲ್ ಕಣ್ಣುಜ್ಜಿಕೊಂಡ. ಮತ್ತೆ ಸುತ್ತಿದ. ಎಂಬತ್ತಮೂರೇ. ಪುಸ್ತಕದಲ್ಲಿ ಎಂಬತ್ತು, ಒಂದೇ ಬೆಳಗಿನ ತರಬೇತಿಗೆ ಎಂಬತ್ತಮೂರು. ಪಕ್ಕದಲ್ಲಿ ಮೂರು ಕಳೆಯುವ ಹೆಂಡತಿ ಇಲ್ಲ ಎಂಬುದನ್ನು ಬಿಟ್ಟರೆ ಆ ಬಯಲಿನಲ್ಲಿ ಬೇರೇನೂ ಬದಲಾಗಿರಲಿಲ್ಲ. ಮಾವ ಆ ಸಂಖ್ಯೆಯನ್ನು ಬಯಲಿಗೆಲ್ಲ ಕೇಳುವಂತೆ ಕೂಗಿದ. ಆಮೇಲೆ ಕಡ್ಡಿ ತಾನಾಗಿಯೇ ಇನ್ನೊಂದು ಸುತ್ತು ಓಡಿದ.

ಸುದ್ದಿ ಕ್ಷೌರದಂಗಡಿಯ ಮೂಲಕ ಹೋಯಿತು, ಅಂದರೆ ಪತ್ರಿಕೆಗಿಂತ ಬೇಗ ಹೋಯಿತು. ಮರುದಿನ ಕ್ಷೌರಿಕನೇ ಬಯಲಿಗೆ ಬಂದ. ಅವನ ಎದೆಯ ಅಳತೆ ಅಂಗಡಿಯ ಪುಸ್ತಕದಲ್ಲಿತ್ತು, ತೊಂಬತ್ತು. ಒಂದು ಸುತ್ತು ಓಡಿ, ಉಳಿದ ಮೂರನ್ನು ನಡೆದು, ಟೇಪಿನ ಮುಂದೆ ನಿಂತರೆ ತೊಂಬತ್ತಮೂರು. ಅದರ ಮರುದಿನ ಔಷಧಿ ಅಂಗಡಿಯ ಕಾಂಪೌಂಡರ್ ಬಂದ, ಅವನಿಗೂ ಮೂರು. ಆಮೇಲೆ ಬ್ಯಾಂಕಿನ ಕಾವಲುಗಾರ, ಆಮೇಲೆ ಊರ ಕಚೇರಿಯ ಗುಮಾಸ್ತ. ಯಾರು ಬಂದರೂ ಮೂರು. ದಪ್ಪಗಿದ್ದವರಿಗೂ ಮೂರು, ತೆಳ್ಳಗಿದ್ದವರಿಗೂ ಮೂರು, ಮರದ ಬುಡದಲ್ಲಿ ಕೂತು ನೋಡಿ ಹೋದವರಿಗೂ ಮೂರು. ಕಾವಲುಗಾರನಿಗೆ ಎದೆಯ ಜೊತೆ ಹೊಟ್ಟೆಯೂ ಮೂರು ಬೆಳೆದದ್ದು ಮಾತ್ರ ಕರ್ನಲ್‌ಗೆ ಅರ್ಥವಾಗಲಿಲ್ಲ. ಎದೆಗೆ ಬಂದ ಗಾಳಿ ಸ್ವಲ್ಪ ಕೆಳಗಿಳಿದಿರಬೇಕು ಎಂದು ವಿವರಿಸಿದ. ಕಾಂಪೌಂಡರ್ ವೈದ್ಯಶಾಸ್ತ್ರದ ಪರವಾಗಿ ತಲೆಯಾಡಿಸಿದ.

ಎದೆ ಬೆಳೆದವರಿಗೆ ಹಳೆಯ ಅಂಗಿಗಳು ಬಿಗಿಯಾಗತೊಡಗಿದವು. ಕ್ಷೌರಿಕ ಹೊಸ ಎದೆಗೆ ತಕ್ಕ ಅಂಗಿ ಬೇಕೆಂದು ಅಂಗಡಿಗೆ ಬಂದ. ಕರ್ನಲ್ ಅಳೆದು ಕೂಗಿದ, ಹೆಂಡತಿ ಮೂರು ಕಳೆದು ಬರೆದಳು, ಅಂಗಿ ಹಳೆಯದರಷ್ಟೇ ಆಯಿತು. ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ ಕ್ಷೌರಿಕ, ಈಗ ಹಾಯಾಗಿದೆ, ಎಷ್ಟು ವ್ಯತ್ಯಾಸ ನೋಡಿ ಎಂದ.

ಊರಿನಲ್ಲಿ ಒಬ್ಬರೇ ಒಬ್ಬರು ಇದನ್ನು ನಂಬಲಿಲ್ಲ. ಅವರು ನಿವೃತ್ತ ಡ್ರಿಲ್ ಮಾಸ್ತರು. ಮೂವತ್ತು ವರ್ಷ ಶಾಲೆಯ ಹುಡುಗರನ್ನು ಓಡಿಸಿದವರು, ಕುತ್ತಿಗೆಯಲ್ಲಿ ಇಂದಿಗೂ ಒಂದು ಸ್ಟಾಪ್‌ವಾಚ್ ತೂಗುಹಾಕಿಕೊಂಡೇ ಸಂತೆಗೆ ಹೋಗುವವರು. ದರ್ಜಿಯೊಬ್ಬ ಸೈನಿಕನನ್ನು ತಯಾರು ಮಾಡುವುದೆಂದರೇನು ಎಂದು ಒಂದು ಬೆಳಿಗ್ಗೆ ಗಡಿಯಾರ ಹಿಡಿದು ಬಂದೇಬಿಟ್ಟರು. ಕಡ್ಡಿ ನಾಲ್ಕು ಸುತ್ತು ಓಡಿದ. ಮಾಸ್ತರು ಗಡಿಯಾರ ನೋಡಿದರು, ಹುಡುಗನನ್ನು ನೋಡಿದರು, ಗಡಿಯಾರವನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಅವರ ಮೂವತ್ತು ವರ್ಷದ ಅನುಭವದಲ್ಲಿ ಈ ಕಾಲಿಗೆ ಈ ವೇಗ ಬರುವಂತಿರಲಿಲ್ಲ. ನೇರವಾಗಿ ಗಡಿಯಾರ ರಿಪೇರಿಯವನ ಬಳಿ ಹೋದರು. ಅವನು ಬಿಚ್ಚಿ ನೋಡಿ ಏನೂ ಕೆಟ್ಟಿಲ್ಲ ಎಂದ. ಕೆಟ್ಟಿದೆ, ಸರಿಮಾಡು ಎಂದು ಮಾಸ್ತರು ಹಟ ಹಿಡಿದರು. ಅವನು ಎರಡು ದಿನ ಇಟ್ಟುಕೊಂಡು, ಗಾಜು ಒರೆಸಿ ಕೊಟ್ಟ.

ಹೀಗೆ ಎರಡು ತಿಂಗಳು ಕಳೆದವು. ಕರ್ನಲ್‌ನ ನಡಿಗೆಯೇ ಬದಲಾಗಿತ್ತು. ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಡೆಯುತ್ತಿದ್ದ, ಅಳತೆ ತೆಗೆಯುವಾಗ ಗಿರಾಕಿಗಳನ್ನು ಸಾವಧಾನ್ ಎಂದು ನಿಲ್ಲಿಸುತ್ತಿದ್ದ. ಎದುರಿಗೆ ಬಂದವರೆಲ್ಲ ನಮಸ್ಕಾರದ ಬದಲು ಸೆಲ್ಯೂಟ್ ಹೊಡೆಯುತ್ತಿದ್ದರು. ಅಕ್ಕ ನೆಂಟರಿಗೆಲ್ಲ ಮಗ ಸೈನ್ಯ ಸೇರಿಯೇಬಿಟ್ಟ ಹಾಗೆ ಹೇಳಿ ಬಂದಿದ್ದಳು. ಒಂದೇ ಒಂದು ವಿಚಿತ್ರವೆಂದರೆ, ಮೊದಲ ದಿನ ಬೆಳೆದ ಎದೆ ಆಮೇಲೆ ಬೆಳೆದಿರಲಿಲ್ಲ. ಎಂಬತ್ತಮೂರು ಎಂಬತ್ತಮೂರೇ. ಬೇಕಾದದ್ದಕ್ಕಿಂತ ಒಂದು ಹೆಚ್ಚೇ ಇದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಯ್ಕೆಗೆ ಮೂರು ವಾರ ಉಳಿದಿದ್ದಾಗ ಕರ್ನಲ್ ಕನ್ನಡಕ ಮರೆತು ಬಯಲಿಗೆ ಹೋದ. ಅದನ್ನು ಕೊಡಲು ಹೆಂಡತಿ ಮೊದಲ ಬಾರಿಗೆ ಅಲ್ಲಿಗೆ ಬಂದಳು. ಮರಕ್ಕೆ ಒಂದು ಹಲಗೆ ತೂಗುಹಾಕಿ ಎಲ್ಲರ ಅಳತೆಯನ್ನೂ ದಪ್ಪಕ್ಷರದಲ್ಲಿ ಬರೆದಿದ್ದರು. ಅವಳು ಮೇಲಿನಿಂದ ಕೆಳಗೆ ಓದಿದಳು. ಊರ ಗಂಡಸರ ಎದೆಗಳೆಲ್ಲ ಅವಳಿಗೆ ಬಾಯಿಪಾಠ. ಎಲ್ಲವೂ ಸರಿಯಾಗಿ ಮೂರು ಹೆಚ್ಚಿದ್ದವು. ಅವಳು ಕನ್ನಡಕ ಕೊಟ್ಟು ಹೋದಳು. ಕರ್ನಲ್ ಅಂಗಡಿಗೆ ಬಂದು ಕೂತ ಮೇಲೆ, ಕಾಜ ಹೊಲಿಯುತ್ತಲೇ ಕೇಳಿದಳು.

"ರೀ, ಆ ಹಲಗೆ ಮೇಲೆ ಬರೆಯೋವಾಗ ಮೂರು ಕಳೀತೀರಾ?"

"ಯಾವ ಮೂರು?"

"ಟೇಪಿನ ಮೂರು."

"ಟೇಪಿಗೆ ಯಾವ ಮೂರು?"

ಅವಳು ಸೂಜಿ ಕೆಳಗಿಟ್ಟಳು. "ಕುತ್ತಿಗೇಲಿರೋದನ್ನ ತೆಗೆದು, ಒಂದು ಎಲ್ಲಿದೆ ತೋರ್ಸಿ."

ಕರ್ನಲ್ ಟೇಪು ತೆಗೆದ. ಕನ್ನಡಕ ಹಾಕಿಕೊಂಡ. ಒಂದನ್ನು ಹುಡುಕಿದ. ಒಂದು ಇರಲಿಲ್ಲ. ಎರಡೂ ಇರಲಿಲ್ಲ. ತುದಿಯ ಪಟ್ಟಿಯ ಪಕ್ಕದಲ್ಲಿ ಮೂರು ಕೂತಿತ್ತು, ಏನೂ ಅರಿಯದವರ ಹಾಗೆ. ಟೇಪನ್ನು ತಿರುಗಿಸಿ ಹಿಂದುಗಡೆ ನೋಡಿದ, ಅಲ್ಲೂ ಇರಲಿಲ್ಲ. ಒಂದು ಎಲ್ಲಿ ಹೋಯಿತು ಎಂದು ಹೆಂಡತಿಯನ್ನೇ ಕೇಳಿದ. ಅವಳು ಹದಿನೈದು ವರ್ಷದ ಹಿಂದಿನ ಕಥೆ ಹೇಳಿದಳು. ಅವನು ಇಂಗು ತಿಂದ ಮಂಗನ ಹಾಗೆ ಕೂತು ಕೇಳಿದ. ಕೇಳುತ್ತಾ ಕೇಳುತ್ತಾ ಬೆರಳು ಮಡಿಸಿ ಲೆಕ್ಕ ಹಾಕಿದ. ಕಡ್ಡಿಯ ಎದೆ ಎಂಬತ್ತಮೂರಲ್ಲ, ಎಂಬತ್ತು. ಮೊದಲಿದ್ದಷ್ಟೇ. ಬಯಲಿನ ಸುತ್ತು ನಾನೂರಲ್ಲ. ಸೂಜಿ, ಥಾನು, ಪೆಡಲು, ಎಲ್ಲವೂ ನೀರಿನಲ್ಲಿ ಹೋಮ. ಹುಡುಗ ಈ ಸಲವೂ ಹೋಗಿ, ಅದೇ ಎರಡು ಸೆಂಟಿಮೀಟರಿಗೆ ಸೋತು ಬರುತ್ತಾನೆ. ಬಂದು ಆ ಮೂಲೆಯ ಯಂತ್ರದ ಮುಂದೆ ಕೂರುತ್ತಾನೆ. ಆ ಮುಖವನ್ನು ತಾನು ದಿನವೂ ನೋಡಬೇಕು. ಕರ್ನಲ್‌ಗೆ ಅಳು ಬಂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ.

"ಹೇಳ್ಬಿಡ್ಲಾ ಅವನಿಗೆ?" ಎಂದ.

"ಹೇಳಿದ್ರೆ ಇವತ್ತೇ ಕುಸೀತಾನೆ. ಹೇಳದಿದ್ರೆ ಅಲ್ಲಿ ಹೋಗಿ ಕುಸೀತಾನೆ," ಎಂದಳು ಹೆಂಡತಿ. ಸ್ವಲ್ಪ ಹೊತ್ತು ದಾರ ಕಚ್ಚಿಕೊಂಡು ಯೋಚಿಸಿದಳು. "ಇನ್ನೂ ಮೂರು ವಾರ ಇದೆ. ಸುತ್ತು ಎಂಟು ಮೀಟರು ಉದ್ದ ಆಗೋ ಹಾಗೆ ಬಾವುಟಗಳನ್ನ ಆಚೆ ನೆಡಿ. ಈ ಸಲ ಎಂಬತ್ತೈದು ಬೇಕಂತೆ ಅನ್ನಿ. ಸುಳ್ಳು ಹೇಳೋದು ನಿಮಗೇನು ಹೊಸದಾ?"

ಅಂದು ಮಧ್ಯಾಹ್ನ, ಬಯಲಿನಲ್ಲಿ ಯಾರೂ ಇಲ್ಲದಾಗ, ಗಂಡ ಹೆಂಡತಿ ಹೋಗಿ ಬಾವುಟಗಳನ್ನು ಕಿತ್ತು ಆಚೆ ನೆಟ್ಟರು. ಮರುದಿನದಿಂದ ಊರಿಗೆ ಗ್ರಹಚಾರ ಹಿಡಿಯಿತು. ಕಡ್ಡಿಯ ಓಟ ಎಂಟು ಸೆಕೆಂಡು ತಡವಾಯಿತು. ನಾಲ್ಕು ಸುತ್ತು ಮುಗಿಸುತ್ತಿದ್ದ ಕ್ಷೌರಿಕ ಮೂರೂವರೆಗೇ ನೆಲಕ್ಕೆ ಕೂತ. ಬೂಟು ಸರಿಯಿಲ್ಲ ಎಂದ ಕಾಂಪೌಂಡರ್. ಗಾಳಿ ತಿರುಗಿದೆ ಎಂದ ಗುಮಾಸ್ತ. ಡ್ರಿಲ್ ಮಾಸ್ತರು ಮಾತ್ರ ಹೊಸದಾಗಿ ರಿಪೇರಿಯಾಗಿ ಬಂದ ಗಡಿಯಾರವನ್ನು ನೋಡಿ, ಈಗ ನೋಡಿ ಸರಿಯಾಗಿದೆ, ಅವತ್ತೇ ಹೇಳಿದ್ದೆ ಕೆಟ್ಟಿದೆ ಅಂತ, ಎಂದು ಎರಡು ತಿಂಗಳಲ್ಲಿ ಮೊದಲ ಬಾರಿಗೆ ನಕ್ಕರು.

ಕರ್ನಲ್ ಎಲ್ಲರಿಗೂ ಉತ್ತರ ಕೊಟ್ಟ. ಜಿಗಿಯುವ ಮುಂಚೆ ದೇಹ ಒಮ್ಮೆ ಕುಕ್ಕರಗಾಲಲ್ಲಿ ಕೂರುತ್ತದೆ, ಇದು ಅದೇ ಎಂದ. ಈ ಸಲ ಎದೆ ಎಂಬತ್ತೈದು ಬೇಕಂತೆ, ಮೇಲಿನಿಂದ ಹೊಸ ನಿಯಮ ಬಂದಿದೆ ಎಂದ. ಕಡ್ಡಿ ಮಾವನ ಮುಖವನ್ನೇ ಒಂದು ಗಳಿಗೆ ನೋಡಿದ. ಆಗಲಿ ಮಾವ, ಎಂದಷ್ಟೇ ಹೇಳಿ ಓಡಲು ಹೋದ. ಬೆಳಿಗ್ಗೆ ಓಡಿದ್ದು ಸಾಲದೆಂದು ಸಂಜೆಯೂ ಓಡಿದ. ಅಂಗಡಿಯಲ್ಲಿ ಕೂತಾಗಲೂ ಮಾವ ಪೆಡಲು ತುಳಿದ ಲೆಕ್ಕಕ್ಕೆ ಉಸಿರೆಳೆದು ಬಿಡುತ್ತಿದ್ದ. ಅವನಿಗಾಗಿಯೇ ಕರ್ನಲ್ ಬಟ್ಟೆಯಿಲ್ಲದ ಯಂತ್ರವನ್ನೂ ತುಳಿಯುತ್ತಿದ್ದ. ಒಂದು ವಾರಕ್ಕೆ ಓಟದ ಎಂಟು ಸೆಕೆಂಡು ಮತ್ತೆ ಕೈಗೆ ಬಂತು. ಎದೆ ಹಟಮಾರಿ. ಎರಡನೆಯ ವಾರದ ಕೊನೆಗೆ ಟೇಪು ಎಂಬತ್ತನಾಲ್ಕು ತೋರಿಸಿ ಅಲ್ಲೇ ನಿಂತಿತು. ಆಯ್ಕೆಯ ಹಿಂದಿನ ದಿನವೂ ಎಂಬತ್ತನಾಲ್ಕೇ. ಮೂರು ಕಳೆದರೆ ಎಂಬತ್ತೊಂದು. ಒಂದು ಕಡಿಮೆ. ಕೈಗೆ ಬಂದ ತುತ್ತು ಬಾಯಿಗೆ ಬರದು ಎಂಬುದನ್ನು ಸೆಂಟಿಮೀಟರಿನಲ್ಲಿ ಅಳೆದ ಹಾಗಾಯಿತು.

ಆಯ್ಕೆಯ ದಿನ ಕರ್ನಲ್, ಕಡ್ಡಿ ಮತ್ತು ಅಂಗಡಿ ಮುಚ್ಚಿ ಬಂದ ಕ್ಷೌರಿಕ ಮೂವರೂ ಬೆಳಕು ಹರಿಯುವಷ್ಟರಲ್ಲಿ ಬೇಲಿ ಹಾಕಿದ ದೊಡ್ಡ ಮೈದಾನದ ಬಾಗಿಲಲ್ಲಿದ್ದರು. ಸಾವಿರ ಹುಡುಗರು ಸಾಲಾಗಿ ನಿಂತಿದ್ದರು. ಬೇಲಿಯ ಹೊರಗೆ, ಮರದಡಿ, ಯಾರೋ ಒಬ್ಬ ಮುದುಕ ಕೂತು ಬನಿಯನ್ನುಗಳಿಗೆ ನಂಬರು ಹೊಲಿಯುತ್ತಿದ್ದ. ಅವನನ್ನು ನೋಡಿ ಕರ್ನಲ್‌ಗೆ ತಡೆಯಲಾಗಲಿಲ್ಲ. ಅಳಿಯನನ್ನು ಪಕ್ಕಕ್ಕೆ ಕರೆದ.

"ಕಡ್ಡಿ, ನಾನು ಯಾವತ್ತೂ ಓಡಿಲ್ಲ ಕಣೋ. ಒಳಗೇ ಹೋಗಿಲ್ಲ. ಅಲ್ಲಿ ಆ ಮುದುಕ ಕೂತಿದಾನಲ್ಲ, ಅಲ್ಲಿ ಕೂತಿದ್ದೆ."

"ಗೊತ್ತು ಮಾವ," ಎಂದ ಕಡ್ಡಿ. "ಅಮ್ಮ ಮೊದಲೇ ಹೇಳಿದ್ಲು. ನನಗೋಸ್ಕರ ದಿನಾ ಐದಕ್ಕೆ ಏಳೋರು ಬೇರೆ ಯಾರೂ ಸಿಗಲ್ಲ ಅಂತ ನಿಮ್ಮ ಹತ್ರ ಬಿಟ್ಟಿದ್ದು."

ಇಷ್ಟು ಹೇಳಿ ಅವನು ಸಾಲಿಗೆ ಸೇರಿಕೊಂಡ. ಕರ್ನಲ್ ಅಲ್ಲೇ ನಿಂತ. ಹಾಗಾದರೆ ಇಪ್ಪತ್ತೈದು ವರ್ಷ ಈ ಕಥೆಯನ್ನು ನಂಬಿದವರು ಯಾರು, ತಾನೊಬ್ಬನೇನಾ ಎಂದು ಯೋಚಿಸಿದ.

ಓಟವನ್ನು ಕಡ್ಡಿ ಸಲೀಸಾಗಿ ಮುಗಿಸಿದ. ಎದೆ ಅಳೆಯುವ ಮೇಜು ಬೇಲಿಯ ಪಕ್ಕದಲ್ಲೇ, ಒಂದು ಟಾರ್ಪಾಲಿನ ಕೆಳಗಿತ್ತು. ಕರ್ನಲ್ ಬೇಲಿಯ ತಂತಿಗೆ ಮುಖ ಒತ್ತಿಕೊಂಡು ನಿಂತ. ದಪ್ಪ ಮೀಸೆಯ ಹವಾಲ್ದಾರ ಕಡ್ಡಿಯ ಎದೆಗೆ ಟೇಪು ಸುತ್ತಿ, ಎಳೆ ಎಂದ. ಕಡ್ಡಿ ಎಳೆದ. ಆ ಕಡೆ ಅವನು ಎಳೆಯುತ್ತಿದ್ದಂತೆ ಈ ಕಡೆ ಕರ್ನಲ್ ಕೂಡ ತಡೆಯಲಾಗದೆ ಉಸಿರೆಳೆದುಕೊಂಡ. ಹವಾಲ್ದಾರ ಬಾಗಿ ಟೇಪು ನೋಡಿದ. ಇನ್ನೂ ಎಳೆ ಎಂದ. ಕಡ್ಡಿ ಇನ್ನೂ ಎಳೆದ, ಕರ್ನಲ್ ಇನ್ನೂ ಎಳೆದ. ಕಡ್ಡಿಯ ಕುತ್ತಿಗೆಯ ನರಗಳು ಎದ್ದವು, ಕರ್ನಲ್‌ನ ಕಣ್ಣುಗುಡ್ಡೆಗಳು ಎದ್ದವು. ಎಂಬತ್ತೊಂದು ಎಂದ ಹವಾಲ್ದಾರ, ಇಷ್ಟೇನಾ ಎಂದು ಕೇಳಿದ. ಉಸಿರು ಬಿಟ್ಟರೆ ಅಳಿಯ ಸೋಲುತ್ತಾನೆ ಎಂಬುದೊಂದೇ ಕರ್ನಲ್‌ನ ತಲೆಯಲ್ಲಿದ್ದದ್ದು. ಅವನು ಬಿಡಲಿಲ್ಲ. ಮುಖ ಕೆಂಪಾಯಿತು, ನೇರಳೆಯಾಯಿತು, ಆಮೇಲೆ ಕಟ್ಟಿದ ಗೋಡೆ ಬೀಳುವ ಹಾಗೆ ನೆಟ್ಟಗೆ ಹಿಂದಕ್ಕೆ, ಕ್ಷೌರಿಕನ ಮೇಲೆ ಬಿದ್ದ.

ಮಾವ ಬಿದ್ದದ್ದನ್ನು ಕಡ್ಡಿ ಬೇಲಿಯಾಚೆ ಕಣ್ಣಾರೆ ಕಂಡ. ಎಳೆದು ಹಿಡಿದಿದ್ದ ಉಸಿರಿನ ಮೇಲೆ ಗಾಬರಿಯಿಂದ ಹಾ ಎಂದು ಇನ್ನೊಂದು ಉಸಿರನ್ನು ಒಳಕ್ಕೆಳೆದುಕೊಂಡ.

"ಎಂಬತ್ತೆರಡು," ಎಂದ ಹವಾಲ್ದಾರ. "ಮುಂದಿನವನು ಬಾ."

ಕ್ಷೌರಿಕ ನೀರು ಚಿಮುಕಿಸಿದಾಗ ಕರ್ನಲ್ ಕಣ್ಣುಬಿಟ್ಟ. ಎಷ್ಟು ಎಂದು ಕೇಳಿದ. ಎಂಬತ್ತೆರಡು, ಪಾಸಾಯಿತು ಎಂದ ಕ್ಷೌರಿಕ. ಮೂರು ಕಳೆದೋ ಕಳೆಯದೆಯೋ ಎಂದು ಕೇಳಿದ ಕರ್ನಲ್. ಬಿದ್ದ ಪೆಟ್ಟಿಗೆ ತಲೆ ಕೆಟ್ಟಿದೆ ಎಂದುಕೊಂಡು ಕ್ಷೌರಿಕ ಉಳಿದ ನೀರನ್ನೂ ಅವನ ನೆತ್ತಿಗೇ ಸುರಿದ. ಅಷ್ಟರಲ್ಲಿ ಕಡ್ಡಿ ಬೇಲಿಯ ಬಳಿ ಓಡಿಬಂದು ತಂತಿಯೊಳಗಿಂದ ಬೆರಳು ತೂರಿಸಿ ಮಾವನ ತೋಳು ಮುಟ್ಟಿದ.

"ಅವರ ಟೇಪಲ್ಲಿ ಒಂದು ಇದೆ ಮಾವ. ಸುತ್ತೋ ಮುಂಚೆ ನೋಡ್ಕೊಂಡೆ."

ಕರ್ನಲ್ ಬಾಯಿ ಬಿಟ್ಟುಕೊಂಡು ನೋಡಿದ. ಬಾವುಟ ಸರಿಸಿದ ಮರುದಿನವೇ ಹೆಜ್ಜೆ ಲೆಕ್ಕ ತಪ್ಪಿತ್ತು, ಅಂದೇ ಟೇಪು ತೆಗೆದು ನೋಡಿದ್ದೆ ಎಂದ ಕಡ್ಡಿ. ಮತ್ತೆ ಹೇಳಲಿಲ್ಲ ಯಾಕೆ ಎಂದರೆ, ಹೇಳಿದ್ದರೆ ನೀವು ಕುಸಿದುಬಿಡುತ್ತಿದ್ದಿರಿ ಎಂದ.

ಕಡ್ಡಿ ತರಬೇತಿ ಶಿಬಿರಕ್ಕೆ ಹೊರಡುವ ದಿನ ಗೊತ್ತಾಯಿತು. ಅವನಿಗೊಂದು ಅಂಗಿ ಹೊಲಿದು ಕೊಡಬೇಕೆಂದು ಕರ್ನಲ್ ಅಂಗಡಿಯಲ್ಲಿದ್ದ ಅತ್ಯುತ್ತಮ ಬಟ್ಟೆ ತೆಗೆದ. ಮೈಗೆ ಹಿಡಿದಂತಿರಲಿ ಎಂದ ಕಡ್ಡಿ. ಈ ಸಲ ಕರ್ನಲ್ ಬಹಳ ಎಚ್ಚರದಿಂದಿದ್ದ. ಪಾಠ ಕಲಿತವನು ಅವನು. ಟೇಪು ನೋಡಿದ, ಮನಸ್ಸಿನಲ್ಲೇ ಮೂರು ಕಳೆದ, ಕಳೆದ ಮೇಲೆ ಉಳಿದದ್ದನ್ನು ಗಟ್ಟಿಯಾಗಿ ಕೂಗಿದ. ಎದೆ, ತೋಳು, ಕುತ್ತಿಗೆ, ಉದ್ದ, ಒಂದೊಂದನ್ನೂ ಹಾಗೆಯೇ. ಹೆಂಡತಿ ತಲೆ ಬಗ್ಗಿಸಿ ಬರ್ರನೆ ಬರೆದುಕೊಂಡಳು. ಎರಡು ದಿನ ಕರ್ನಲ್ ಬೇರೆ ಕೆಲಸ ಮುಟ್ಟದೆ, ಕಾಜಗಳನ್ನೂ ತಾನೇ ಕೈಯಲ್ಲಿ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಅಕ್ಕನ ಮನೆಗೆ ಕಳಿಸಿದ.

ಬಸ್ಸಿನ ಹತ್ತಿರ ಊರೇ ಸೇರಿತ್ತು. ಕಡ್ಡಿ ಹೊಸ ಅಂಗಿ ತೊಟ್ಟು ಬಂದ. ತೋಳು ಮಣಿಕಟ್ಟಿಗೆ ಬರದೆ ಮೇಲೆಯೇ ನಿಂತಿತ್ತು. ಕಾಲರಿನ ಗುಂಡಿ ಕಾಜದ ಹತ್ತಿರಕ್ಕೂ ಬಂದಿರಲಿಲ್ಲ. ಎದೆಯ ಗುಂಡಿಗಳು ಮಾತ್ರ ಹೇಗೋ ಹಾಕಿದ್ದವು. ಹುಡುಗ ಉಸಿರನ್ನು ಪೂರ್ತಿ ಹೊರಗೆ ಬಿಟ್ಟುಕೊಂಡು, ಹಲಗೆಯ ಹಾಗೆ ನೆಟ್ಟಗೆ ನಿಂತಿದ್ದ. ಮೂರು ತಿಂಗಳು ಎದೆ ಉಬ್ಬಿಸಲು ಕಲಿತವನು ಈಗ ಅದನ್ನು ಉಬ್ಬಿಸದಿರಲು ಒದ್ದಾಡುತ್ತಿದ್ದ. ಎರಡು ದಿನಕ್ಕೆ ಇಷ್ಟು ಬೆಳೆದುಬಿಟ್ಟನಲ್ಲ ಎಂದು ಕ್ಷೌರಿಕ ಮೂಗಿನ ಮೇಲೆ ಬೆರಳಿಟ್ಟ. ಸೈನ್ಯದ ಹವಾ ಎಂದ ಕಾಂಪೌಂಡರ್.

ಕರ್ನಲ್ ಮೆಲ್ಲಗೆ ಹೆಂಡತಿಯ ಕಡೆ ತಿರುಗಿದ.

"ಬರೆಯೋವಾಗ ಎಷ್ಟು ಕಳೆದೆ?"

"ಯಾವಾಗ್ಲೂ ಕಳೆಯೋ ಅಷ್ಟೇ. ಮೂರು," ಎಂದಳು. ಅವನ ಮುಖ ನೋಡಿ ಅವಳಿಗೂ ಅರ್ಥವಾಯಿತು. "ಅಯ್ಯೋ, ನೀವೂ ಕಳೆದ್ರಾ?"

ಬೇರೆ ಅಂಗಿ ಹಾಕಿಕೊಂಡು ಬಾ ಎನ್ನಲು ಕರ್ನಲ್ ಮುಂದೆ ಹೋದ. ಬಸ್ಸು ಹೊರಡುವುದರಲ್ಲಿತ್ತು. ಬಹಳ ಚೆನ್ನಾಗಿದೆ ಮಾವ ಎಂದು ಕಡ್ಡಿ ಉಸಿರಿಲ್ಲದ ದನಿಯಲ್ಲಿ ಹೇಳಿ, ಮೆಟ್ಟಿಲು ಹತ್ತಿ, ತಿರುಗಿ ನಿಂತು, ಎಲ್ಲರ ಮುಂದೆ ಮಾವನಿಗೆ ಒಂದು ಸೆಲ್ಯೂಟ್ ಹೊಡೆದ. ಎದೆಯ ಮೇಲಿನ ಗುಂಡಿ ಟಪ್ಪನೆ ಹಾರಿ, ಡ್ರಿಲ್ ಮಾಸ್ತರ ಗಡಿಯಾರದ ಗಾಜಿಗೆ ಬಡಿದು, ಉರುಳಿಕೊಂಡು ಬಂದು ಕರ್ನಲ್‌ನ ಕಾಲ ಬಳಿ ಬಿತ್ತು. ಗಡಿಯಾರ ಅಲ್ಲಿಗೆ ನಿಂತುಹೋಯಿತು ಎಂದು ಮಾಸ್ತರು ಆಮೇಲೆ ಹೇಳಿದರು, ಯಾರೂ ನಂಬಲಿಲ್ಲ.

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕರ್ನಲ್ ತಿರುಗಿ ಸೆಲ್ಯೂಟಿಗೆ ಎತ್ತಿದ ಕೈ ಇಳಿಸಲಿಲ್ಲ. ಕಣ್ಣೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಆಮೇಲೆ ಗುಂಡಿಯನ್ನು ಹೆಕ್ಕಿ ಜೇಬಿಗೆ ಹಾಕಿಕೊಂಡು ಅಂಗಡಿಗೆ ಬಂದ. ಅಷ್ಟರಲ್ಲೇ ಒಬ್ಬ ಗಿರಾಕಿ ಬಂದು ಪ್ಯಾಂಟಿನ ಅಳತೆಗೆ ಕೈಯೆತ್ತಿ ನಿಂತಿದ್ದ. ಕರ್ನಲ್ ಟೇಪು ಸುತ್ತಿದ. ಅಭ್ಯಾಸಬಲದಿಂದ, ನನ್ನ ಕಾಲದಲ್ಲಿ ಸೈನ್ಯದ ಆಯ್ಕೆಗೆ ಎಂದು ಶುರುಮಾಡಿ, ತಟ್ಟನೆ ನಿಲ್ಲಿಸಿದ.

"ನನ್ನ ಅಳಿಯ ಸೈನ್ಯದಲ್ಲಿದಾನೆ," ಎಂದ.

ಹೆಂಡತಿ ಅಳತೆ ಪುಸ್ತಕದಿಂದ ತಲೆಯೆತ್ತಿ ಅವನನ್ನು ನೋಡಿದಳು. ಆ ಮಾತಿನಲ್ಲಿ ಅವಳು ಏನನ್ನೂ ಕಳೆಯಲಿಲ್ಲ.